ಕಾಣಲಿಲ್ಲ ಎಂದರೆ ಇಲ್ಲವೆಂದೇ?

ಬ್ಯಾಂಕು, ಮಿಂಚಂಚೆ, ಸರ್ಕಾರಿ ಜಾಲತಾಣಗಳ ಗುಟ್ಟನ್ನು ಕಾಯುವ ತಂತ್ರಾಂಶಗಳಲ್ಲಿ ಓಪನ್‌ಎಸ್‌ಎಸ್‌ಎಲ್ ದೊಡ್ಡ ಹೆಸರು. ಸಿ ಭಾಷೆಯಲ್ಲಿ ಬರೆದದ್ದು, ಮೂಲ ಕೋಡ್ ಯಾರು ಬೇಕಾದರೂ ಓದಬಹುದಾದದ್ದು. 2012ರ ಮಾರ್ಚ್ 14ರಂದು ಬಂದ ಅದರ 1.0.1 ಆವೃತ್ತಿಯಲ್ಲಿ ಒಂದು ಸಣ್ಣ ಪರೀಕ್ಷೆ ಬಿಟ್ಟುಹೋಗಿತ್ತು. ಎದುರಿನ ಕಂಪ್ಯೂಟರು ‘ಇಷ್ಟು ಅಕ್ಷರ ಕಳಿಸಿದ್ದೇನೆ, ಅಷ್ಟನ್ನೇ ವಾಪಸು ಕೊಡು’ ಎಂದರೆ, ನಿಜಕ್ಕೂ ಅಷ್ಟು ಬಂದಿದೆಯೇ ಎಂದು ಎಣಿಸದೆ ಕೊಟ್ಟುಬಿಡುತ್ತಿತ್ತು. ಸುಳ್ಳು ಲೆಕ್ಕ ಹೇಳಿದವನಿಗೆ ಒಂದು ಸಲಕ್ಕೆ 64 ಕಿಲೋಬೈಟಿನಷ್ಟು ಪಕ್ಕದ ಮೆಮೊರಿ ಸಿಗುತ್ತಿತ್ತು. ಅದರಲ್ಲಿ ಪಾಸ್‌ವರ್ಡ್ ಇರಬಹುದು, ಗುಪ್ತ ಕೀಲಿಯೂ ಇರಬಹುದು. ‘ಹಾರ್ಟ್‌ಬ್ಲೀಡ್’ ಎಂದು ಹೆಸರಾದ ಈ ಹುಳುಕು ಜಗತ್ತಿಗೆ ತಿಳಿದದ್ದು 2014ರ ಏಪ್ರಿಲ್ 7ರಂದು. ಎರಡು ವರ್ಷ ಅದು ಎಲ್ಲರ ಕಣ್ಣೆದುರೇ ಇತ್ತು. ಪರೀಕ್ಷೆಗಳು ಓಡುತ್ತಿದ್ದವು, ಪಾಸಾಗುತ್ತಿದ್ದವು.

ಪರೀಕ್ಷೆ ಪಾಸಾಯಿತು ಎಂಬುದರಿಂದ ತಪ್ಪಿಲ್ಲ ಎಂದು ತೀರ್ಮಾನಿಸಬಹುದೇ? ಸಿ, ಸಿ++, ರಸ್ಟ್ ಮುಂತಾದ ಸಿಸ್ಟಮ್ಸ್ ಭಾಷೆಗಳ ಓಪನ್ ಸೋರ್ಸ್ ಸಾಧನಗಳನ್ನು ಹೋಲಿಸುವವರು ಸಾಮಾನ್ಯವಾಗಿ ವೇಗ, ಲೈಸೆನ್ಸು, ಬಳಕೆಯ ಸಲೀಸು ಎಂದು ಕೋಷ್ಟಕ ಹಾಕುತ್ತಾರೆ. ಈ ಪ್ರಶ್ನೆಗೆ ಆ ಕೋಷ್ಟಕದಲ್ಲಿ ಜಾಗವಿರುವುದಿಲ್ಲ. ಆದರೆ ಕರ್ನೂಲು ಜಿಲ್ಲೆಯ ಪಶ್ಚಿಮದ ಸೀಮೆಗೆ ಪ್ರಶ್ನೆ ಹೊಸದಲ್ಲ.

ಆ ಸೀಮೆಯ ಗೋನೆಗಂಡ್ಲದಿಂದ ಪಡುವಣಕ್ಕೆ ಹೋದರೆ ಎಮ್ಮಿಗನೂರು, ಅಲ್ಲಿಂದ ಮುಂದೆ ತುಂಗಭದ್ರೆಯ ದಂಡೆಯ ಮಂತ್ರಾಲಯ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಆದೋನಿ ತಾಲ್ಲೂಕು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಗಡಿ ಸರಿದ ಮೇಲೂ ಇಲ್ಲಿನ ಅನೇಕ ಮನೆಗಳಲ್ಲಿ ಕನ್ನಡ ಉಳಿದಿದೆ. ಮಂತ್ರಾಲಯದ ಹಳೆಯ ಹೆಸರು ಮಂಚಾಲೆ. ಆದೋನಿಯನ್ನು ಆಳುತ್ತಿದ್ದ ಸಿದ್ದಿ ಮಸೂದ್ ಖಾನ್ ಆ ಗ್ರಾಮವನ್ನು ರಾಘವೇಂದ್ರ ತೀರ್ಥರಿಗೆ ಬಿಟ್ಟುಕೊಟ್ಟನೆಂದು ಮಠದ ಪರಂಪರೆ ಹೇಳುತ್ತದೆ. 1671ರಲ್ಲಿ ಅವರು ಅಲ್ಲಿ ಬೃಂದಾವನಸ್ಥರಾದರು. ಗುರುವಾರದ ಭಕ್ತರಿಗೆ ಅವರು ಕೇಳಿದ್ದನ್ನು ಕೊಡುವ ರಾಯರು. ಪಂಡಿತರಿಗೆ ಅವರು ‘ಪರಿಮಳ’ದ ಕರ್ತೃ: ಬ್ರಹ್ಮಸೂತ್ರಕ್ಕೆ ಮಧ್ವಾಚಾರ್ಯರ ಅನುವ್ಯಾಖ್ಯಾನ, ಅದಕ್ಕೆ ಜಯತೀರ್ಥರ ನ್ಯಾಯಸುಧೆ, ಅದಕ್ಕೆ ರಾಯರ ಪರಿಮಳ. ಪದರದ ಮೇಲೆ ಪದರ. ಪ್ರತಿ ಪದರದಲ್ಲೂ ಹಿಂದಿನವರ ಮಾತಿಗೆ ಎದುರಾಳಿ ಏನೆಂದಾನು, ಅದಕ್ಕೆ ಉತ್ತರವೇನು ಎಂಬ ತಪಾಸಣೆ.

ಈ ತಪಾಸಣೆಯ ನಿಯಮಗಳಿಗೆ ಪ್ರಮಾಣಶಾಸ್ತ್ರ ಎಂದು ಹೆಸರು. ಜಯತೀರ್ಥರ ‘ಪ್ರಮಾಣಪದ್ಧತಿ’ ಅದಕ್ಕೇ ಮೀಸಲಾದ ಕಿರುಗ್ರಂಥ. ವಸ್ತು ಹೇಗಿದೆಯೋ ಹಾಗೆ ತಿಳಿಯುವ ದಾರಿಗಳು ಮಧ್ವಮತದಲ್ಲಿ ಮೂರು: ಪ್ರತ್ಯಕ್ಷ (ನೇರವಾಗಿ ಕಾಣುವುದು), ಅನುಮಾನ (ತರ್ಕದಿಂದ ಊಹಿಸುವುದು), ಆಗಮ (ನಂಬಬಹುದಾದ ಮಾತು). ಈ ಮೂರು ಖಾನೆಗಳಲ್ಲಿ ಇಂದಿನ ಸಾಧನಗಳನ್ನು ಇಟ್ಟು ನೋಡಿದರೆ, ಯಾವುದು ಏನನ್ನು ಬಲ್ಲದು ಎಂಬುದರ ಜೊತೆಗೆ ಯಾವುದು ಏನನ್ನು ಅರಿಯಲಾರದು ಎಂಬುದೂ ಎದ್ದುಕಾಣುತ್ತದೆ.

ಮೊದಲು ಪ್ರತ್ಯಕ್ಷ. ಪ್ರೋಗ್ರಾಮನ್ನು ಓಡಿಸಿ, ಓಡುವಾಗ ಕಣ್ಣಿಟ್ಟು ನೋಡುವ ಸಾಧನಗಳು ಈ ಖಾನೆಯವು. ಜೂಲಿಯನ್ ಸೀವರ್ಡ್ ಆರಂಭಿಸಿ 2002ರಲ್ಲಿ ಹೊರಬಂದ ವ್ಯಾಲ್‌ಗ್ರಿಂಡ್ ಇವುಗಳಲ್ಲಿ ಹಿರಿಯ. ಅದರ ಮೆಮ್‌ಚೆಕ್ ಭಾಗಕ್ಕೆ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಬೇಕಿಲ್ಲ; ಇದ್ದದ್ದನ್ನು ಇದ್ದ ಹಾಗೆ ಕೊಟ್ಟರೆ ಸಾಕು. ತೆರಬೇಕಾದ ಬೆಲೆ ವೇಗ: ಪ್ರೋಗ್ರಾಮು ಸುಮಾರು 20ರಿಂದ 30 ಪಟ್ಟು ನಿಧಾನವಾಗುತ್ತದೆ ಎಂದು ಅದರ ಕೈಪಿಡಿಯೇ ಹೇಳುತ್ತದೆ. ಗೂಗಲ್‌ನ ಎಂಜಿನಿಯರುಗಳು 2012ರಲ್ಲಿ ಪ್ರಬಂಧ ಮಂಡಿಸಿದ ಅಡ್ರೆಸ್‌ಸ್ಯಾನಿಟೈಸರ್ ಇನ್ನೊಂದು ದಾರಿ ಹಿಡಿಯಿತು. ಕಂಪೈಲ್ ಮಾಡುವಾಗಲೇ ಕೋಡಿನೊಳಗೆ ಕಾವಲುಗಾರರನ್ನು ನಿಲ್ಲಿಸುತ್ತದೆ. ಸರಾಸರಿ ನಿಧಾನ ಶೇ 73 ಮಾತ್ರ. ಕ್ರೋಮಿಯಂ ಬ್ರೌಸರಿನಲ್ಲಿ ಅಲ್ಲಿಯವರೆಗೆ ಯಾರಿಗೂ ತಿಳಿಯದಿದ್ದ 300ಕ್ಕೂ ಹೆಚ್ಚು ಹುಳುಕುಗಳನ್ನು ಅದು ಹಿಡಿಯಿತೆಂದು ಅದೇ ಪ್ರಬಂಧ ವರದಿ ಮಾಡಿತು.

ಹಾಗಾದರೆ ಎರಡನೆಯದೇ ಮೇಲು ಎನ್ನೋಣವೇ? ಸ್ಟ್ಯಾಕ್‌ನಲ್ಲಿರುವ ಅರೇಯ ಗಡಿ ದಾಟಿ ಓದಿದರೆ ಅಡ್ರೆಸ್‌ಸ್ಯಾನಿಟೈಸರ್ ಕೂಗುತ್ತದೆ, ಮೆಮ್‌ಚೆಕ್ ಸುಮ್ಮನಿರುತ್ತದೆ. ಬೆಲೆ ತುಂಬದ ಮೆಮೊರಿಯನ್ನು ನಂಬಿ ಪ್ರೋಗ್ರಾಮು ನಿರ್ಧಾರ ಕೈಗೊಂಡರೆ ಮೆಮ್‌ಚೆಕ್ ಕೂಗುತ್ತದೆ. ಅಡ್ರೆಸ್‌ಸ್ಯಾನಿಟೈಸರ್ ಸುಮ್ಮನಿರುತ್ತದೆ, ಆ ಕೆಲಸಕ್ಕೆ ಮೆಮೊರಿಸ್ಯಾನಿಟೈಸರ್ ಎಂಬ ಬೇರೆಯದೇ ಸಾಧನ ಬೇಕು. ರಸ್ಟ್‌ನವರ ಮಿರಿ ಇನ್ನೂ ಸೂಕ್ಷ್ಮ. ಕೋಡನ್ನು ಯಂತ್ರಕ್ಕೆ ಕೊಡದೆ ತಾನೇ ಹೆಜ್ಜೆಹೆಜ್ಜೆಗೆ ಅರ್ಥೈಸುತ್ತ, ‘ಅನ್‌ಸೇಫ್’ ಎಂದು ಗುರುತಿಸಿದ ಜಾಗಗಳಲ್ಲಿ ಭಾಷೆಯ ನಿಯಮ ಮುರಿದರೆ ತಿಳಿಸುತ್ತದೆ. ಆದರೆ ಬಲು ನಿಧಾನ; ರಸ್ಟ್‌ನಿಂದ ಹೊರಗೆ ಸಿ ಲೈಬ್ರರಿಯನ್ನು ಕರೆದರೆ ಅದರ ಕೈ ಬಹುಮಟ್ಟಿಗೆ ಕಟ್ಟಿಹೋಗುತ್ತದೆ. ದೋಷವಿಲ್ಲದ ಇಂದ್ರಿಯ ವಸ್ತುವನ್ನು ಮುಟ್ಟಿದಾಗ ಮಾತ್ರ ಪ್ರತ್ಯಕ್ಷ ಎಂದು ಶಾಸ್ತ್ರದವರು ಷರತ್ತು ಹಾಕಿದ್ದರು. ಈ ಸಾಧನಗಳಲ್ಲೂ ಒಂದು ಕಿವಿಯಾದರೆ ಇನ್ನೊಂದು ಕಣ್ಣು. ಎರಡಕ್ಕೂ ಒಂದೇ ಅಂಕಪಟ್ಟಿ ಹಿಡಿಯುವುದರಲ್ಲಿ ಅರ್ಥವಿಲ್ಲ.

ಅನುಮಾನದ ಖಾನೆಯಲ್ಲಿ ಪ್ರೋಗ್ರಾಮನ್ನು ಓಡಿಸದೆ, ಬರಹವನ್ನು ಓದಿಯೇ ತೀರ್ಪು ಕೊಡುವ ಸಾಧನಗಳಿವೆ: ಸಿಪಿಪಿಚೆಕ್, ಕ್ಲ್ಯಾಂಗ್ ಸ್ಟ್ಯಾಟಿಕ್ ಅನಲೈಸರ್, ರಸ್ಟ್‌ನ ಕ್ಲಿಪ್ಪಿ, ಎಲ್ಲಕ್ಕಿಂತ ಹೆಸರಾದ ರಸ್ಟ್ ಕಂಪೈಲರಿನ ಬಾರೋ ಚೆಕರ್. ಹೊಗೆ ಇದ್ದಲ್ಲಿ ಬೆಂಕಿ ಎಂಬಂಥ ವ್ಯಾಪ್ತಿಯೇ ಇವುಗಳ ಬಂಡವಾಳ. ಯಾವ ಪ್ರೋಗ್ರಾಮನ್ನು ಕೊಟ್ಟರೂ ಅದರ ನಡವಳಿಕೆಯನ್ನು ತಪ್ಪದೆ ಹೇಳಬಲ್ಲ ಯಂತ್ರವಿಧಾನ ಇರಲಾರದು ಎಂದು ಹೆನ್ರಿ ರೈಸ್ 1953ರಲ್ಲೇ ಸಾಧಿಸಿದ್ದರು. ಆದ್ದರಿಂದ ಈ ಬಗೆಯ ಸಾಧನ ಎರಡರಲ್ಲಿ ಒಂದು ತಪ್ಪನ್ನು ಆರಿಸಿಕೊಳ್ಳಲೇಬೇಕು. ಸರಿಯಿರುವುದನ್ನೂ ಕೆಲವೊಮ್ಮೆ ತಿರಸ್ಕರಿಸುವುದು ಒಂದು. ತಪ್ಪಿರುವುದನ್ನು ಕೆಲವೊಮ್ಮೆ ಬಿಟ್ಟುಬಿಡುವುದು ಇನ್ನೊಂದು. ಬಾರೋ ಚೆಕರ್ ಮೊದಲನೆಯದನ್ನು ಆರಿಸಿಕೊಂಡಿತು. ರಸ್ಟ್ ಕಲಿಯುವವರು ಮೊದಮೊದಲು ಅದರೊಂದಿಗೆ ಜಗಳವಾಡುವುದು ಇದಕ್ಕೇ. ಸಿಪಿಪಿಚೆಕ್ ಎರಡನೆಯ ಕಡೆಗೆ ವಾಲಿತು. ಸುಳ್ಳು ಎಚ್ಚರಿಕೆ ಕಡಿಮೆಯಿರಲಿ ಎಂಬುದೇ ಅದರ ಗುರಿ. ಒಂದನ್ನು ಹಟಮಾರಿ, ಇನ್ನೊಂದನ್ನು ಸಡಿಲ ಎಂದು ಜರಿಯುವ ಮೊದಲು ಅವು ಹೊತ್ತ ಪ್ರತಿಜ್ಞೆ ಬೇರೆಬೇರೆ ಎಂಬುದನ್ನು ನೋಡಬೇಕು.

ಪ್ರತಿಜ್ಞೆ ಹೊತ್ತ ಮಾತ್ರಕ್ಕೆ ಅದು ನಡೆಯಿತು ಎಂದೂ ಅಲ್ಲ. ರಸ್ಟ್ 1.0 ಬಂದದ್ದು 2015ರ ಮೇ 15ರಂದು. ಅದೇ ತಿಂಗಳಲ್ಲಿ 25860ನೇ ಸಂಖ್ಯೆಯ ದೂರು ದಾಖಲಾಯಿತು: ‘ಅನ್‌ಸೇಫ್’ ಎಂಬ ಪದವನ್ನೇ ಬಳಸದೆ ಕಂಪೈಲರನ್ನು ವಂಚಿಸಿ ಮೆಮೊರಿ ಸುರಕ್ಷತೆಯನ್ನು ಮುರಿಯುವ ಕಿಂಡಿ. 2024ರಲ್ಲಿ ಸಿವಿಇ-ಆರ್‌ಎಸ್ ಎಂಬ ತುಂಟ ಯೋಜನೆಯೊಂದು ಅದನ್ನೇ ಬಳಸಿ ತೋರಿಸಿದಾಗಲೂ ಕಿಂಡಿ ಮುಚ್ಚಿರಲಿಲ್ಲ. ದಿನನಿತ್ಯದ ಕೋಡಿನಲ್ಲಿ ಯಾರೂ ಅಕಸ್ಮಾತ್ತಾಗಿ ಅದರೊಳಗೆ ಬೀಳುವುದಿಲ್ಲ, ನಿಜ. ಆದರೂ ವ್ಯಾಪ್ತಿಗೆ ಒಂದು ಅಪವಾದ ಸಿಕ್ಕರೆ ತಾರ್ಕಿಕ ಬಿಡುವುದಿಲ್ಲ.

ಕೋಡು ಸರಿ ಎಂಬುದನ್ನು ಗಣಿತದಂತೆ ಹಂತಹಂತವಾಗಿ ಸಾಧಿಸುವುದು ಅನುಮಾನದ ತುತ್ತತುದಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀಪಕ್ ಡಿಸೋಜಾ ಅವರ ತಂಡ, ಸಣ್ಣಪುಟ್ಟ ಉಪಕರಣಗಳೊಳಗೆ ಓಡುವ ಫ್ರೀಆರ್‌ಟಿಒಎಸ್ ಎಂಬ ಓಪನ್ ಸೋರ್ಸ್ ವ್ಯವಸ್ಥೆಯ ಶೆಡ್ಯೂಲರಿಗೆ ಇಂಥ ಸಾಧನೆಯನ್ನು ಕಟ್ಟಿ 2015ರಲ್ಲಿ ಪ್ರಕಟಿಸಿತು. ಫ್ರಾನ್ಸಿನ ಕ್ಸೇವಿಯರ್ ಲರ್ವಾ ಕಟ್ಟಿದ ಕಾಂಪ್‌ಸರ್ಟ್ ಸಿ ಕಂಪೈಲರ್ ಇನ್ನೂ ಪ್ರಸಿದ್ಧ ಉದಾಹರಣೆ. ಅದರ ಮೂಲ ಕೋಡ್ ಓದಲು ಸಿಗುತ್ತದೆ, ವಾಣಿಜ್ಯ ಬಳಕೆಗೆ ಮಾತ್ರ ಬೇರೆ ಲೈಸೆನ್ಸು ಬೇಕು. ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಸಿಸ್ಮಿತ್ ಎಂಬ ಸಾಧನದಿಂದ ಯದೃಚ್ಛೆಯ ಸಿ ಪ್ರೋಗ್ರಾಮುಗಳನ್ನು ಹುಟ್ಟಿಸಿ, ಮೂರು ವರ್ಷಗಳಲ್ಲಿ ನಾನಾ ಕಂಪೈಲರುಗಳ 325ಕ್ಕೂ ಹೆಚ್ಚು ಹುಳುಕುಗಳನ್ನು ಹಿಡಿದು 2011ರಲ್ಲಿ ವರದಿ ಕೊಟ್ಟರು. ಪರೀಕ್ಷೆಗೆ ಒಡ್ಡಿದ ಒಂದು ಕಂಪೈಲರೂ ಪೂರ್ತಿ ಪಾರಾಗಲಿಲ್ಲ. ಕಾಂಪ್‌ಸರ್ಟ್‌ನಲ್ಲೂ ತಪ್ಪು ಸಿಕ್ಕಿದವು, ಆದರೆ ಸಾಧನೆಗೆ ಒಳಪಡದಿದ್ದ ಭಾಗದಲ್ಲಿ. ಸಾಧಿಸಿದ ನಡುಭಾಗದಲ್ಲಿ ತಪ್ಪು ಕೋಡ್ ಹೊರಡಿಸುವ ಒಂದು ಹುಳುಕೂ ಸಿಗಲಿಲ್ಲ.

‘ಸಿಗಲಿಲ್ಲ’ ಎಂಬ ಈ ಮಾತಿಗೆ ಎಷ್ಟು ತೂಕ? ಭಾರತೀಯ ದರ್ಶನಗಳು ಇದನ್ನು ಬಿಡಿಬಿಡಿಯಾಗಿ ಚರ್ಚಿಸಿವೆ. ಕುಮಾರಿಲ ಭಟ್ಟರ ಮೀಮಾಂಸಕರು ಮತ್ತು ಅದ್ವೈತಿಗಳು ‘ಅನುಪಲಬ್ಧಿ’ಯನ್ನು ಆರನೆಯ ಪ್ರಮಾಣವೆಂದರು: ನೆಲದ ಮೇಲೆ ಗಡಿಗೆ ಇಲ್ಲ ಎಂಬ ತಿಳಿವು ಕಾಣದಿರುವುದರಿಂದಲೇ ಬರುತ್ತದೆ, ಅದಕ್ಕೆ ಬೇರೆ ದಾರಿಯಿಲ್ಲ ಎಂಬುದು ಅವರ ವಾದ. ನೈಯಾಯಿಕರೂ ಮಾಧ್ವರೂ ಅದನ್ನು ಬೇರೆ ಪ್ರಮಾಣವೆಂದು ಒಪ್ಪಲಿಲ್ಲ. ಅಭಾವವೂ ಪ್ರತ್ಯಕ್ಷಕ್ಕೋ ಅನುಮಾನಕ್ಕೋ ಸಿಗುತ್ತದೆ ಎಂದರು. ಖಾನೆಯ ವಿಷಯದಲ್ಲಿ ಇಷ್ಟು ಜಗಳವಾಡಿದವರು ಒಂದು ಷರತ್ತನ್ನು ಮಾತ್ರ ಹಗುರವಾಗಿ ಬಿಡಲಿಲ್ಲ. ಅದು ಯೋಗ್ಯತೆ. ಗಡಿಗೆ ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಷ್ಟು ಬೆಳಕು, ಕಣ್ಣು, ಅಂತರ ಎಲ್ಲವೂ ಸರಿಯಿದ್ದಾಗ ಮಾತ್ರ ಕಾಣದಿರುವುದು ಇಲ್ಲದಿರುವುದಕ್ಕೆ ಸಾಕ್ಷ್ಯ. ಕತ್ತಲಕೋಣೆಯಲ್ಲಿ ತಡಕಾಡಿ ಬಂದವನ ‘ಇಲ್ಲ’ಕ್ಕೆ ಬೆಲೆಯಿಲ್ಲ. ತರ್ಕಗ್ರಂಥಗಳ ನೆಚ್ಚಿನ ಉದಾಹರಣೆ ಪಿಶಾಚಿಯದು. ಪಿಶಾಚಿ ಕಣ್ಣಿಗೆ ಕಾಣುವ ವಸ್ತುವೇ ಅಲ್ಲವಾದ್ದರಿಂದ, ಅದು ಕಾಣಲಿಲ್ಲವೆಂದು ಮನೆಯಲ್ಲಿ ಅದಿಲ್ಲ ಎಂದು ಸಾಧಿಸಲಾಗದು.

ಪರೀಕ್ಷೆಯಿಂದ ತಪ್ಪು ಇದೆಯೆಂದು ತೋರಿಸಬಹುದು, ಇಲ್ಲವೆಂದು ತೋರಿಸಲಾಗದು ಎಂದು ಡಚ್ ಗಣಕ ವಿಜ್ಞಾನಿ ಎಡ್ಸ್‌ಖರ್ ಡೈಕ್‌ಸ್ಟ್ರ ಹೇಳಿದ್ದನ್ನು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಸುತ್ತಾರೆ. ಶಾಸ್ತ್ರದವರ ನಿಲುವು ಅದಕ್ಕಿಂತ ಹದವಾಗಿದೆ. ಇಲ್ಲವೆಂದೂ ತೋರಿಸಬಹುದು, ಆದರೆ ಯೋಗ್ಯತೆಯನ್ನು ಮೊದಲು ಸ್ಥಾಪಿಸಬೇಕು. ಹಾರ್ಟ್‌ಬ್ಲೀಡ್‌ಗೆ ಇದನ್ನು ಹಚ್ಚಿ ನೋಡಬಹುದು. 2015ರಲ್ಲಿ ಜರ್ಮನಿಯ ಪತ್ರಕರ್ತ ಹನ್ನೊ ಬ್ಯೋಕ್ ಹಳೆಯ ಓಪನ್‌ಎಸ್‌ಎಸ್‌ಎಲ್ ಆವೃತ್ತಿಯ ಮೇಲೆ ಎಎಫ್‌ಎಲ್ ಎಂಬ ಫಜರನ್ನು ಅಡ್ರೆಸ್‌ಸ್ಯಾನಿಟೈಸರ್ ಜೊತೆಗೂಡಿಸಿ ಬಿಟ್ಟರು. ಸುಮಾರು 6 ಗಂಟೆಗಳಲ್ಲಿ ಹುಳುಕು ಸಿಕ್ಕಿತು. ಮಿಹಾವ್ ಜಲೇವ್‌ಸ್ಕಿ ಬರೆದ ಎಎಫ್‌ಎಲ್ ಯದ್ವಾತದ್ವಾ ಇನ್‌ಪುಟ್ ಸುರಿಯುವುದಷ್ಟೇ ಅಲ್ಲ, ಯಾವ ಇನ್‌ಪುಟ್ ಕೋಡಿನ ಹೊಸ ದಾರಿಯನ್ನು ತೆರೆಯಿತು ಎಂದು ಗಮನಿಸಿ ಅದನ್ನೇ ಬೆಳೆಸುತ್ತದೆ. ಅಂದರೆ ದೀಪ ಹಿಡಿದು ಒಳಕೋಣೆಗಳಿಗೆ ಹೋಗುವ ಕೆಲಸ ಎಎಫ್‌ಎಲ್‌ನದು, ಅಲ್ಲಿ ನೋಡುವ ಕೆಲಸ ಸ್ಯಾನಿಟೈಸರಿನದು. ಹಿಂದಿನ ಪರೀಕ್ಷೆಗಳಲ್ಲಿ ಇವೆರಡೂ ಒಟ್ಟಿಗಿರಲಿಲ್ಲ. ಅವುಗಳ ಮೌನ ಅಭಾವಕ್ಕೆ ಸಾಕ್ಷಿಯೇ ಆಗಿರಲಿಲ್ಲ.

ಜಿಕೋವ್, ಎಲ್‌ಎಲ್‌ವಿಎಂ-ಕೋವ್ ಮುಂತಾದ ಕವರೇಜ್ ಸಾಧನಗಳು ಅಳೆಯುವುದು ಈ ಯೋಗ್ಯತೆಯ ಒಂದು ಅಂಶವನ್ನು: ಪರೀಕ್ಷೆ ಯಾವ ಸಾಲಿನವರೆಗೆ ತಲುಪಿತು? ಒಂದು ಅಂಶವನ್ನು ಮಾತ್ರ, ಏಕೆಂದರೆ ಸಾಲನ್ನು ಮುಟ್ಟಿದ ಮಾತ್ರಕ್ಕೆ ಆ ಸಾಲು ಕೆಡುವ ಸಂದರ್ಭವನ್ನು ಮುಟ್ಟಿದಂತಾಗದು. ಹಾರ್ಟ್‌ಬ್ಲೀಡ್ ಸಾಲುಗಳು ಪ್ರಾಮಾಣಿಕ ಸಂದೇಶಕ್ಕೂ ಓಡುತ್ತಿದ್ದವು. ಕೆಡುತ್ತಿದ್ದದ್ದು ಸುಳ್ಳು ಲೆಕ್ಕಕ್ಕೆ ಮಾತ್ರ.

ಉಳಿದದ್ದು ಆಗಮ. ಪ್ರೋಗ್ರಾಮರು ತನ್ನ ಕೆಲಸದ ಬಹುಪಾಲನ್ನು ನಂಬಿಕೆಯ ಮೇಲೆ ನಡೆಸುತ್ತಾನೆ. ಒಂದು ಲೈಬ್ರರಿ ಎಳೆದರೆ ಹತ್ತು ಬರುತ್ತವೆ. ಯಾವುದನ್ನೂ ಆತ ಓದಿರುವುದಿಲ್ಲ. ಮನುಷ್ಯನ ಮಾತು ಆಪ್ತವಾಕ್ಯವಾಗಲು ಹೇಳುವವನಿಗೆ ವಿಷಯ ಗೊತ್ತಿರಬೇಕು, ಮೋಸಗೊಳಿಸುವ ಇಚ್ಛೆ ಇರಬಾರದು ಎನ್ನುತ್ತದೆ ಶಾಸ್ತ್ರ. ಎಕ್ಸ್‌ಜೆಡ್ ಎಂಬ ಕಡತ ಕುಗ್ಗಿಸುವ ಲೈಬ್ರರಿಯ ವಿಷಯದಲ್ಲಿ ಮೊದಲನೆಯದು ಚೆನ್ನಾಗಿಯೇ ಇತ್ತು. ಜಿಯಾ ಟಾನ್ ಎಂಬ ಹೆಸರಿನವರು ವರ್ಷಗಟ್ಟಲೆ ಉಪಯುಕ್ತ ಕೆಲಸ ಮಾಡಿ, ಉಸ್ತುವಾರಿಯ ಹಕ್ಕು ಪಡೆದು, 2024ರ ಫೆಬ್ರುವರಿಯ 5.6.0 ಆವೃತ್ತಿಯಲ್ಲಿ ಹಿಂಬಾಗಿಲು ಇಟ್ಟರು. ಅದನ್ನು ಎಬ್ಬಿಸುವ ತುಣುಕು ಎಲ್ಲರೂ ನೋಡುವ ಕೋಡ್ ಭಂಡಾರದಲ್ಲಿ ಇರಲಿಲ್ಲ. ಹಂಚಲು ಕಟ್ಟಿದ ಗಂಟಿನಲ್ಲಿ ಮಾತ್ರ ಇತ್ತು. ಓಪನ್ ಸೋರ್ಸ್ ಎಂಬುದು ನೋಡುವ ಅಧಿಕಾರವನ್ನು ಎಲ್ಲರಿಗೂ ಕೊಡುತ್ತದೆ. ನೋಡುವ ಕೆಲಸವನ್ನು ಯಾರೋ ಮಾಡಲೇಬೇಕು. ಈ ಸಲ ಅದನ್ನು ಮಾಡಿದವರು ಪೋಸ್ಟ್‌ಗ್ರೆಸ್ ಡೇಟಾಬೇಸಿನ ಎಂಜಿನಿಯರ್ ಆಂಡ್ರೆಸ್ ಫ್ರೊಯಿಂಡ್. ಆ ಆವೃತ್ತಿಯಿದ್ದ ಕಂಪ್ಯೂಟರಿಗೆ ಲಾಗಿನ್ ಆಗಲು ಎಂದಿಗಿಂತ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿತ್ತು. ಅದಕ್ಕೂ ಹಿಂದೆ ವ್ಯಾಲ್‌ಗ್ರಿಂಡ್ ಕೊಟ್ಟಿದ್ದ ವಿಚಿತ್ರ ದೂರುಗಳು ಅವರಿಗೆ ನೆನಪಿದ್ದವು. ಬೆನ್ನುಹತ್ತಿ ಹೋಗಿ ಮಾರ್ಚ್ 29ರಂದು ಹಿಂಬಾಗಿಲನ್ನು ಬಯಲು ಮಾಡಿದರು. ಆಗಮ ಕೈಕೊಟ್ಟಾಗ ಕಾಪಾಡಿದ್ದು ಪ್ರತ್ಯಕ್ಷ.

ಅಲ್ಲಿಗೂ ಕಥೆ ಮುಗಿಯದು. ತಪಾಸಣೆ ಮಾಡುವ ಸಾಧನವನ್ನು ತಪಾಸಣೆ ಮಾಡುವವರು ಯಾರು? ಯೂನಿಕ್ಸ್ ನಿರ್ಮಾತೃಗಳಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಒಂದು ಕಂಪೈಲರನ್ನು ವರ್ಣಿಸಿದರು. ಅದು ಲಾಗಿನ್ ಪ್ರೋಗ್ರಾಮಿಗೆ ಹಿಂಬಾಗಿಲು ಸೇರಿಸುತ್ತದೆ. ತನ್ನನ್ನೇ ಮತ್ತೆ ಕಂಪೈಲ್ ಮಾಡಿದಾಗ ಅದೇ ಕಳ್ಳಬುದ್ಧಿಯನ್ನು ಮಗುವಿಗೂ ದಾಟಿಸುತ್ತದೆ. ಮೂಲ ಕೋಡನ್ನು ಎಷ್ಟು ಸಲ ಓದಿದರೂ ಅದು ಶುದ್ಧ. ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ತಕ್ಕಡಿಯ ಮೇಲೆ ಸಂಶಯ ಬಂದರೆ ಮುದ್ರೆಯೊತ್ತಿದ ತೂಕದ ಕಲ್ಲು ತರಿಸಬಹುದು, ಆ ಕಲ್ಲಿನ ಮೇಲೆ ಸಂಶಯ ಬಂದರೆ ಇಲಾಖೆಯ ಕಲ್ಲು, ಅದರ ಮೇಲೂ ಬಂದರೆ ಇನ್ನೊಂದು. ಇದು ಎಲ್ಲಿಗೆ ನಿಲ್ಲಬೇಕು? ಶಾಸ್ತ್ರದಲ್ಲಿ ಈ ಕೊನೆಯಿಲ್ಲದ ಸರಪಣಿಗೆ ಅನವಸ್ಥೆ ಎನ್ನುತ್ತಾರೆ.

ಎಂಜಿನಿಯರುಗಳು ಇದಕ್ಕೆ ಎರಡು ಉತ್ತರ ಕಟ್ಟಿದ್ದಾರೆ. ಡೇವಿಡ್ ವ್ಹೀಲರ್ 2009ರ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ, ಬೇರೆ ವಂಶದ ಇನ್ನೊಂದು ಕಂಪೈಲರಿನಿಂದ ಅದೇ ಮೂಲವನ್ನು ಕಟ್ಟಿ, ಕೊನೆಯ ಫಲ ಒಂದು ಬಿಟ್ ಕೂಡ ವ್ಯತ್ಯಾಸವಿಲ್ಲದೆ ಒಂದೇ ಆಗಿದೆಯೇ ಎಂದು ತಾಳೆ ನೋಡುವ ವಿಧಾನವನ್ನು ವಿಸ್ತರಿಸಿದರು. ಗೂಯಿಕ್ಸ್ ಎಂಬ ಮುಕ್ತ ತಂತ್ರಾಂಶ ಯೋಜನೆಯವರು ಬೇರಿಗೇ ಇಳಿದರು. 2023ರಲ್ಲಿ ಅವರು ಕೈಯಿಂದ ಓದಿ ಪರೀಕ್ಷಿಸಬಹುದಾದ 357 ಬೈಟಿನ ಬೀಜದಿಂದ ಆರಂಭಿಸಿ ಇಡೀ ವ್ಯವಸ್ಥೆಯನ್ನು ಮೂಲ ಕೋಡಿನಿಂದಲೇ ಕಟ್ಟಿ ತೋರಿಸಿದರು. ಗ್ರಂಥ ಸಂಪಾದಕರಿಗೆ ಎರಡೂ ದಾರಿ ಪರಿಚಿತ. ಪುಣೆಯ ಭಂಡಾರ್ಕರ್ ಸಂಸ್ಥೆ ಮಹಾಭಾರತಕ್ಕಾಗಿ ನಾನಾ ಪ್ರಾಂತಗಳ ಹಸ್ತಪ್ರತಿಗಳನ್ನು ತಾಳೆ ನೋಡಿತು. ಬನ್ನಂಜೆ ಗೋವಿಂದಾಚಾರ್ಯರು ಮಧ್ವರ ಸರ್ವಮೂಲವನ್ನು ಸಂಪಾದಿಸುವಾಗ, ಮಧ್ವರ ಶಿಷ್ಯ ಹೃಷೀಕೇಶತೀರ್ಥರದೆಂದು ಪಲಿಮಾರು ಮಠದಲ್ಲಿ ಉಳಿದುಬಂದ ತಾಳೆಗರಿಯನ್ನು ಆಧಾರವಾಗಿಟ್ಟುಕೊಂಡರು.

ಆದರೂ ತಾಳೆ ನೋಡಿದ ಯಂತ್ರವನ್ನು, 357 ಬೈಟನ್ನು ಓಡಿಸಿದ ಚಿಪ್ಪನ್ನು ಶಂಕಿಸುವವನು ಇನ್ನೂ ಶಂಕಿಸಬಹುದು. ನೈಯಾಯಿಕರ ಪ್ರಕಾರ ಒಂದು ತಿಳಿವು ಸರಿಯೆಂಬುದು ಗೊತ್ತಾಗುವುದು ಅದರ ಹೊರಗಿನಿಂದ, ಮುಖ್ಯವಾಗಿ ಅದನ್ನು ನಂಬಿ ಮಾಡಿದ ಕೆಲಸ ಫಲಿಸಿದ್ದರಿಂದ. ಸಾಫ್ಟ್‌ವೇರ್ ಉದ್ಯಮ ದಿನವೂ ನಡೆಯುವುದು ಈ ಮತದ ಮೇಲೆ: ಓಡುತ್ತಿದೆ, ಆದ್ದರಿಂದ ಸರಿ. ವಿಜಯನಗರದ ವ್ಯಾಸತೀರ್ಥರು ‘ತರ್ಕತಾಂಡವ’ದಲ್ಲಿ ಇದನ್ನು ಖಂಡಿಸಿದರು. ಫಲಿಸಿತು ಎಂಬ ತಿಳಿವಿಗೂ ಇನ್ನೊಂದು ತಿಳಿವಿನ ಆಧಾರ ಬೇಕಾದರೆ ಸರಪಣಿಗೆ ಕೊನೆಯೆಲ್ಲಿ? ತಿಳಿವನ್ನೂ ಅದರ ಸರಿತನವನ್ನೂ ನೇರವಾಗಿ ಅರಿಯುವ ಸಾಕ್ಷಿ ಅರಿಯುವವನೊಳಗೇ ಇದೆ ಎಂಬುದು ಮಧ್ವಮತ. ಸಂಶಯ ಬಂದಾಗ ಪರೀಕ್ಷೆ ಬೇಕೇಬೇಕು. ಆದರೆ ಸಂಶಯಕ್ಕೆ ಕಾರಣ ಉಳಿಯದ ಕಡೆ ಪರೀಕ್ಷೆ ನಿಲ್ಲುತ್ತದೆ, ಅನಂತವಾಗಿ ಹೋಗುವುದಿಲ್ಲ.

ಫ್ರೊಯಿಂಡ್ ಗಮನಿಸಿದ ಅರ್ಧ ಸೆಕೆಂಡನ್ನು ಸಾಕ್ಷಿ ಎಂದು ಕರೆಯುವುದು ತಪ್ಪಾಗುತ್ತದೆ. ಸಾಕ್ಷಿ ಎಂದೂ ಎಡವದು ಎನ್ನುತ್ತಾರೆ ಮಾಧ್ವರು. ಎಂಜಿನಿಯರಿನ ಕಣ್ಣು, ಮನಸ್ಸು ಎಡವುತ್ತವೆ. ಎಡವದ ಸಾಕ್ಷಿ ಇದೆಯೇ ಎಂಬ ವಾದ ಮಠಗಳಲ್ಲೂ ತತ್ವಶಾಸ್ತ್ರದ ತರಗತಿಗಳಲ್ಲೂ ನಡೆಯಲಿ. ಯಾವ ಸಾಧನವೂ ತನ್ನ ಮೌನದ ಬೆಲೆಯನ್ನು ತಾನೇ ಕಟ್ಟಲಾರದು ಎಂಬಷ್ಟು ಮಾತ್ರ ಎರಡೂ ಕಡೆಯವರು ಒಪ್ಪಬೇಕಾದ ಮಾತು. ಮೆಮ್‌ಚೆಕ್ ‘0 ತಪ್ಪು’ ಎಂದು ಬರೆದಾಗ ಅದು ಸ್ಟ್ಯಾಕ್ ಅರೇಗಳ ಗಡಿಗಳನ್ನು ನೋಡಲೇ ಇಲ್ಲ ಎಂದು ತಿಳಿದಿರಬೇಕಾದವನು ಅದನ್ನು ಓಡಿಸಿದವನೇ.

ವ್ಯಾಲ್‌ಗ್ರಿಂಡ್, ಸ್ಯಾನಿಟೈಸರುಗಳು, ಸಿಪಿಪಿಚೆಕ್, ಎಎಫ್‌ಎಲ್, ಮಿರಿ ಎಲ್ಲವೂ ಉಚಿತವಾಗಿ ಸಿಗುತ್ತವೆ. ಆದೋನಿ, ರಾಯಚೂರು, ಬಳ್ಳಾರಿಯ ಯಾವ ಕಾಲೇಜಿನ ಹಳೆಯ ಕಂಪ್ಯೂಟರಿನಲ್ಲೂ ಇವುಗಳಲ್ಲಿ ಕೆಲವನ್ನಾದರೂ ಓಡಿಸಿ ನೋಡಬಹುದು. ಒಂದೇ ಪ್ರೋಗ್ರಾಮಿನ ಮೇಲೆ ಎರಡು ಬೇರೆ ಬಗೆಯ ಸಾಧನಗಳನ್ನು, ಒಂದು ಪ್ರತ್ಯಕ್ಷದ್ದು, ಒಂದು ಅನುಮಾನದ್ದು, ಓಡಿಸಿರಿ. ಹೋಲಿಕೆಯ ಕೋಷ್ಟಕ ಬರೆಯುವಾಗ ‘ಏನು ಸಿಕ್ಕಿತು’ ಎಂಬ ಅಂಕಣದ ಪಕ್ಕದಲ್ಲಿ ‘ಎಲ್ಲಿ ನೋಡಲು ಆಗಲಿಲ್ಲ’ ಎಂಬ ಇನ್ನೊಂದು ಅಂಕಣ ಹಾಕಿರಿ. ಆ ಎರಡನೆಯ ಅಂಕಣ ಖಾಲಿಯಿರುವ ವರದಿಯನ್ನು ಅಧ್ಯಾಪಕರೂ ಮೇಲಧಿಕಾರಿಗಳೂ ಹಿಂದಕ್ಕೆ ಕಳಿಸಬೇಕು.